ಅನ್ನದ ಅಗುಳಿನ ಅಂಟು: ಕ್ಯಾನ್ಸರ್ ಕೋಶ ಕಾವಲುಗಾರರ ಕಣ್ಣು ತಪ್ಪಿಸುವ ಬಗೆ

ಚಿಕ್ಕಪ್ಪನನ್ನು, ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್‌ಗೆ ಕರೆದುಕೊಂಡು ಹೋದ ದಿನ ಅವರಿಗೆ ಬೆಳಗಿನ ಕಾಫಿ ಇರಲಿಲ್ಲ. ಹಿಂದಿನ ರಾತ್ರಿ ಊಟವಾದ ಮೇಲೆ ಬರೀ ನೀರು. ಮೊದಲು ಬೆರಳು ಚುಚ್ಚಿ ಶುಗರ್ ನೋಡಿದರು. ಆಮೇಲೆ ಸೀಸದ ಕವಚದೊಳಗಿದ್ದ ಸಿರಿಂಜ್‌ನಿಂದ ಒಂದು ಇಂಜೆಕ್ಷನ್. ನಂತರ ಸಣ್ಣ ಕೋಣೆಯೊಂದರಲ್ಲಿ ಮಲಗಿಸಿ ಕಂಬಳಿ ಹೊದಿಸಿದರು. "ಒಂದು ಗಂಟೆ ಸುಮ್ನೆ ಮಲಗಿರಿ ಸರ್. ಮಾತಾಡ್ಬೇಡಿ, ಏನೂ ಜಗೀಬೇಡಿ" ಅಂದರು. ಚಿಕ್ಕಪ್ಪನಿಗೆ ಉಪವಾಸಕ್ಕಿಂತ ಈ ಮೌನವೇ ಕಷ್ಟವಾಯಿತು.

ಆ ಇಂಜೆಕ್ಷನ್‌ನಲ್ಲಿ ಇದ್ದದ್ದು ಒಂದು ಬಗೆಯ ಸಕ್ಕರೆ. ಗ್ಲೂಕೋಸ್‌ನಂತೆಯೇ ಕಾಣುವ ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಜೋಡಿಸಿರುತ್ತಾರೆ. ಸುಮಾರು 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಅಷ್ಟರೊಳಗೆ ಮೈಯಲ್ಲಿ ಯಾರು ಸಕ್ಕರೆ ಜಾಸ್ತಿ ತಿನ್ನುತ್ತಾರೋ ಅವರು ಸಿಕ್ಕಿಬೀಳುತ್ತಾರೆ. ಮಾತಾಡಿದರೆ ಗಂಟಲಿನ ಸ್ನಾಯು ಅದನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಚಳಿಯಾದರೆ ಕತ್ತಿನ ಬಳಿ ಇರುವ ಕಂದು ಕೊಬ್ಬು ಹೊಳೆಯುತ್ತದೆ. ಕಂಬಳಿ ಹೊದಿಸಿದ್ದು ಅದಕ್ಕೆ.

ಚಿತ್ರ ನೋಡಿದಾಗ ಮೆದುಳು ಹೊಳೆಯುತ್ತಿತ್ತು. ಅದು ಯಾವಾಗಲೂ ಸಕ್ಕರೆ ತಿನ್ನುವ ಅಂಗ. ಮೂತ್ರಕೋಶವೂ ಹೊಳೆಯುತ್ತಿತ್ತು, ಉಳಿದ ಸಕ್ಕರೆ ಹೊರಗೆ ಹೋಗುವುದೇ ಆ ದಾರಿಯಲ್ಲಿ. ಇವೆರಡರ ನಡುವೆ, ಎದೆಯ ಒಂದು ಬದಿಯಲ್ಲಿ, ಕಡಲೆಕಾಳಿನಷ್ಟು ಗಾತ್ರದ ಒಂದು ಚುಕ್ಕೆ. "ಇಷ್ಟು ಚಿಕ್ಕದಕ್ಕೆ ಅಷ್ಟೊಂದು ಹಸಿವು ಯಾಕೆ?" ಅಂತ ಚಿಕ್ಕಪ್ಪ ಕೇಳಿದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಮೈಯಲ್ಲಿ ಕೋಟ್ಯಂತರ ಕಾವಲು ಕೋಶಗಳಿವೆ. ನೆಗಡಿಯ ವೈರಸ್ಸನ್ನು ಒಂದು ವಾರದಲ್ಲಿ ಓಡಿಸುವ ಅವು, ಇಷ್ಟು ಹೊಳೆಯುವ ಗಡ್ಡೆಯನ್ನು ಹೇಗೆ ಬಿಟ್ಟವು? ಮೊದಲು ವಿಜ್ಞಾನಿಗಳು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಎಂದುಕೊಂಡಿದ್ದರು. ಕೋಶ ಏನು ತಿನ್ನುತ್ತದೆ ಎಂಬುದು ಒಬ್ಬರ ಕೆಲಸ, ಯಾವ ಜೀನ್ ಓದುತ್ತದೆ ಎಂಬುದು ಇನ್ನೊಬ್ಬರದು, ರೋಗನಿರೋಧಕ ಶಕ್ತಿ ಮತ್ತೊಬ್ಬರದು. ಈಗ ಮೂರೂ ಒಂದೇ ಮನೆಯ ಜಗಳ ಅಂತ ಗೊತ್ತಾಗಿದೆ.

ದೋಸೆ ಹಿಟ್ಟು ಮತ್ತು ವಾರ್ಬರ್ಗ್

1920ರ ದಶಕ, ಬರ್ಲಿನ್. ಒಟ್ಟೋ ವಾರ್ಬರ್ಗ್ ಎಂಬ ಜೀವರಸಾಯನ ವಿಜ್ಞಾನಿ ಇಲಿಯ ಗಡ್ಡೆಯಿಂದ ತೆಳು ಹೋಳುಗಳನ್ನು ಕೊಯ್ದು, ಅವು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ, ಎಷ್ಟು ಆಮ್ಲ ಬಿಡುತ್ತವೆ ಎಂದು ಅಳೆಯುತ್ತಿದ್ದರು. ಗಡ್ಡೆಯ ಹೋಳು ಸಕ್ಕರೆಯನ್ನು ಮುಕ್ಕುತ್ತಿತ್ತು. ಆದರೆ ಪೂರ್ತಿ ಉರಿಸುತ್ತಿರಲಿಲ್ಲ. ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಚೆಲ್ಲುತ್ತಿತ್ತು.

ಈ ಕೆಲಸ ನಮಗೆ ಹೊಸದಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಹುಳಿ ಬಂದಿರುತ್ತದಲ್ಲ, ಅಲ್ಲಿ ಬ್ಯಾಕ್ಟೀರಿಯಾ ಮಾಡುವುದೂ ಇದನ್ನೇ. ಹಾಲಿಗೆ ಹೆಪ್ಪು ಹಾಕಿದಾಗ ಆಗುವುದೂ ಇದೇ. ನಮ್ಮ ಸ್ನಾಯುಗಳೂ ಜೋರಾಗಿ ಓಡುವಾಗ, ಉಸಿರು ಸಾಲದೆ ಹೋದಾಗ, ಈ ಅಡ್ಡದಾರಿ ಹಿಡಿಯುತ್ತವೆ. ಗಡ್ಡೆಯ ವಿಚಿತ್ರ ಏನೆಂದರೆ, ಆಮ್ಲಜನಕ ಬೇಕಾದಷ್ಟು ಇದ್ದಾಗಲೂ ಅದು ಹುಳಿ ಬರಿಸುವ ದಾರಿಯನ್ನೇ ಹಿಡಿಯುತ್ತದೆ. ಲೆಕ್ಕಕ್ಕೆ ಇದು ದಡ್ಡತನ. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಉರಿಸಿದರೆ ಕೋಶಕ್ಕೆ ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಕೋಶದ ಚಿಲ್ಲರೆ ಕಾಸು. ಅರ್ಧಕ್ಕೆ ಬಿಟ್ಟರೆ ಸಿಗುವುದು ಬರೀ 2.

ವಾರ್ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು, ಆದರೆ ಅದು ಬಂದದ್ದು ಉಸಿರಾಟದ ಕಿಣ್ವದ ಕೆಲಸಕ್ಕೆ. ಕ್ಯಾನ್ಸರ್ ಕೋಶದ ಒಲೆಯೇ, ಅಂದರೆ ಮೈಟೊಕಾಂಡ್ರಿಯವೇ ಕೆಟ್ಟಿದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಅದು ತಪ್ಪಾಗಿತ್ತು. ಹೆಚ್ಚಿನ ಗಡ್ಡೆಗಳಲ್ಲಿ ಒಲೆ ಚೆನ್ನಾಗಿಯೇ ಉರಿಯುತ್ತಿರುತ್ತದೆ.

ಹಾಗಾದರೆ ಯಾಕೆ ಈ ದುಂದು? ಮರವನ್ನು ಪೂರ್ತಿ ಒಲೆಗೆ ಹಾಕಿದರೆ ಬಿಸಿ ಚೆನ್ನಾಗಿ ಸಿಗುತ್ತದೆ, ಆದರೆ ಕೊನೆಗೆ ಉಳಿಯುವುದು ಬೂದಿ. ಮನೆ ಕಟ್ಟುತ್ತಿರುವವನಿಗೆ ಬೂದಿ ಬೇಡ, ತೊಲೆ ಬೇಕು. ಒಂದರಿಂದ ಎರಡಾಗುತ್ತಲೇ ಇರುವ ಕೋಶಕ್ಕೆ ಹೊಸ ಡಿಎನ್ಎ ಬೇಕು, ಹೊಸ ಪೊರೆ ಬೇಕು, ಹೊಸ ಪ್ರೋಟೀನ್ ಬೇಕು. ಅದಕ್ಕೆಲ್ಲ ಅರ್ಧ ಒಡೆದ ಸಕ್ಕರೆಯ ತುಂಡುಗಳೇ ಸಾಮಾನು. ಕೋಶದೊಳಗಿನ ಈ ತಿನ್ನುವ, ಒಡೆಯುವ, ಕಟ್ಟುವ ವ್ಯವಹಾರವನ್ನೆಲ್ಲ ಸೇರಿಸಿ ಚಯಾಪಚಯ ಅನ್ನುತ್ತಾರೆ. ನಾನು ಅಡುಗೆಮನೆ ಅನ್ನುತ್ತೇನೆ.

ಒಂದು ಅಗುಳು ಹಿಚುಕಿ ನೋಡುವವರು

ಈಗ ಕಾವಲುಗಾರರ ಕಡೆ ಬರೋಣ. ಇವರಲ್ಲಿ ಮುಖ್ಯ ಟಿ ಕೋಶಗಳು, ಒಂದು ಬಗೆಯ ಬಿಳಿ ರಕ್ತಕಣ. ಇವು ಬೇರೆ ಕೋಶಗಳ ಒಳಗೆ ಇಣುಕಲಾರವು. ಅದಕ್ಕೆ ಮೈಯೇ ಒಂದು ವ್ಯವಸ್ಥೆ ಮಾಡಿದೆ. ಹೆಚ್ಚುಕಡಿಮೆ ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನ್‌ಗಳನ್ನು ಚೂರು ಮಾಡಿ, ಒಂದೊಂದು ಚೂರನ್ನು ಹೊರಗಿನ ಗೋಡೆಯ ಮೇಲೆ ಎತ್ತಿ ಹಿಡಿಯುತ್ತದೆ. ಹಾಗೆ ಎತ್ತಿ ಹಿಡಿಯುವ ಕೈಗೆ ಎಂಎಚ್‌ಸಿ-1 ಎಂದು ಹೆಸರು. ಅನ್ನ ಬೆಂದಿದೆಯಾ ಅಂತ ನೋಡಲು ಇಡೀ ಪಾತ್ರೆ ಕಲಸಬೇಕಿಲ್ಲ, ಒಂದು ಅಗುಳು ಹಿಚುಕಿದರೆ ಸಾಕು. ಟಿ ಕೋಶ ಮಾಡುವುದೂ ಅದೇ. ಅಗುಳು ಮನೆಯದಾದರೆ ಮುಂದೆ ಹೋಗುತ್ತದೆ. ವೈರಸ್‌ನದೋ, ಕೆಟ್ಟುಹೋದ ಜೀನಿನದೋ ಆದರೆ ಆ ಕೋಶವನ್ನು ಕೊಲ್ಲುತ್ತದೆ.

ಕೊಲ್ಲಲು ಹೊರಟ ಟಿ ಕೋಶ ಒಂಟಿಯಾಗಿ ಹೊರಡುವುದಿಲ್ಲ. ಕೆಲವೇ ಗಂಟೆಗೊಮ್ಮೆ ಎರಡಾಗಿ, ನಾಲ್ಕಾಗಿ, ದಂಡು ಕಟ್ಟುತ್ತದೆ. ಹಾಗೆ ದಂಡು ಕಟ್ಟುವಾಗ ಅದೂ ವಾರ್ಬರ್ಗ್ ಕಂಡ ಹುಳಿ ದಾರಿಯನ್ನೇ ಹಿಡಿಯುತ್ತದೆ, ಅದಕ್ಕೂ ತೊಲೆ ಬೇಕಲ್ಲ! ಅಂದರೆ ಕಳ್ಳನಿಗೂ ಪೊಲೀಸರಿಗೂ ಒಂದೇ ಊಟ, ಅದೂ ಒಂದೇ ತಟ್ಟೆಯಲ್ಲಿ.

ತಟ್ಟೆ ಖಾಲಿಯಾದರೆ ಏನಾಗುತ್ತದೆ? 2013ರಲ್ಲಿ ಸಿಕ್ಕ ಒಂದು ಉತ್ತರ ನನಗೆ ತುಂಬಾ ಇಷ್ಟ. ಟಿ ಕೋಶದಲ್ಲಿ ಸಕ್ಕರೆ ಒಡೆಯುವ ಕಿಣ್ವಗಳಲ್ಲಿ ಒಂದಕ್ಕೆ ಜಿಎಪಿಡಿಎಚ್ ಎಂದು ಹೆಸರು. ಸಕ್ಕರೆ ಇದ್ದಾಗ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಸಕ್ಕರೆ ಮುಗಿದರೆ ಸುಮ್ಮನೆ ಕೂರುವುದಿಲ್ಲ. ಇಂಟರ್ಫೆರಾನ್-ಗಾಮಾ ತಯಾರಿಸಿ ಎಂದು ಬಂದ ಸಂದೇಶದ ಚೀಟಿಯ ಮೇಲೆಯೇ ಹೋಗಿ ಕೂತುಬಿಡುತ್ತದೆ. ಇಂಟರ್ಫೆರಾನ್-ಗಾಮಾ ಟಿ ಕೋಶದ ದೊಡ್ಡ ಅಸ್ತ್ರ. ಚೀಟಿ ಇದೆ, ಓದುವ ಹಾಗಿಲ್ಲ. ಕೆಲಸವಿಲ್ಲದ ಬಡಗಿಯ ಗಾದೆ ನಿಮಗೆ ಗೊತ್ತೇ ಇರುತ್ತದೆ, ಇಲ್ಲಿ ಪೂರ್ತಿ ಬರೆಯುವಂತಿಲ್ಲ.

2015ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಇದನ್ನೇ ತೋರಿಸಿದವು. ಗಡ್ಡೆ ಸಕ್ಕರೆ ಕಸಿದುಕೊಂಡು ಟಿ ಕೋಶಗಳನ್ನು ಉಪವಾಸ ಕೆಡವುತ್ತದೆ ಎಂಬ ಮಾತು ಆಗಿನಿಂದ ಎಲ್ಲೆಡೆ ಹಬ್ಬಿತು. ಕೇಳಲು ಚೆಂದದ ಕತೆ. ಆದರೆ 2021ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ಚಿಕ್ಕಪ್ಪನಿಗೆ ಚುಚ್ಚಿದಂಥದೇ ಸಕ್ಕರೆಯನ್ನು ಇಲಿಗಳಿಗೆ ಚುಚ್ಚಿತು. ಆಮೇಲೆ ಗಡ್ಡೆಯನ್ನು ಬಿಡಿಸಿ, ಯಾವ ಜಾತಿಯ ಕೋಶ ಎಷ್ಟೆಷ್ಟು ತಿಂದಿದೆ ಎಂದು ಎಣಿಸಿತು. ಕೋಶಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ ಹೆಚ್ಚು ಸಕ್ಕರೆ ತಿಂದದ್ದು ಕ್ಯಾನ್ಸರ್ ಕೋಶವಲ್ಲ! ಗಡ್ಡೆಯೊಳಗೆ ಬೀಡುಬಿಟ್ಟಿದ್ದ ಮ್ಯಾಕ್ರೋಫೇಜ್‌ನಂಥ ಬಿಳಿ ರಕ್ತಕಣಗಳು. ಕ್ಯಾನ್ಸರ್ ಕೋಶಗಳು ಮುಂದಿದ್ದದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲ ತಿನ್ನುವುದರಲ್ಲಿ. ಹಾಗಾಗಿ ಸ್ಕ್ಯಾನ್‌ನ ಹೊಳಪೆಲ್ಲ ಕ್ಯಾನ್ಸರ್ ಕೋಶಗಳದ್ದೇ ಎಂದು ಹೇಳಲಾಗದು. ಗಡ್ಡೆ ಅಂದರೆ ಒಂದೇ ಜಾತಿಯ ಕೋಶಗಳ ಮುದ್ದೆಯಲ್ಲ, ಅದೊಂದು ಸಂತೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. "ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ" ಎಂಬ ವಾಟ್ಸಾಪ್ ಸಂದೇಶ ನಮ್ಮ ಮನೆಯ ಗುಂಪಿಗೂ ನಾಲ್ಕು ಸಲ ಬಂತು. ನೀವು ಸಕ್ಕರೆ ಬಿಟ್ಟರೂ ರಕ್ತದ ಗ್ಲೂಕೋಸ್ ಸೊನ್ನೆಗೆ ಇಳಿಯುವುದಿಲ್ಲ. ಇಳಿಯಲು ನಿಮ್ಮ ಲಿವರ್ ಬಿಡುವುದಿಲ್ಲ, ಅದೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಊಟ ಬಿಟ್ಟು ಸೊರಗುವುದು ರೋಗಿ. ಸ್ಕ್ಯಾನ್ ಮುಗಿದ ಮೇಲೆ ಚಿಕ್ಕಪ್ಪ ಕ್ಯಾಂಟೀನಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದು, ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕಾಫಿ ಕುಡಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಹುಳಿ ನೀರಿನಲ್ಲಿ ಕಾವಲು

ಊಟ ಕಸಿಯುವುದಕ್ಕಿಂತ ದೊಡ್ಡ ತೊಂದರೆ ಕಸ ಚೆಲ್ಲುವುದು. ಹೊರಗೆ ಬಿಟ್ಟ ಲ್ಯಾಕ್ಟಿಕ್ ಆಮ್ಲ ಎಲ್ಲಿಗೆ ಹೋಗಬೇಕು? ಗಡ್ಡೆಯೊಳಗಿನ ರಕ್ತನಾಳಗಳು ಸೊಟ್ಟಪಟ್ಟ, ಸರಿಯಾಗಿ ಹರಿಯುವುದಿಲ್ಲ. ಆಮ್ಲ ಅಲ್ಲೇ ನಿಲ್ಲುತ್ತದೆ. ಹುಳಿ ಅಳೆಯುವ ಲೆಕ್ಕ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ರಕ್ತದ ಪಿಎಚ್ 7.4 ಇದ್ದರೆ, ಗಡ್ಡೆಯ ಸಂದುಗಳಲ್ಲಿ ಅದು 6.5ರ ಆಸುಪಾಸಿಗೂ ಇಳಿಯುತ್ತದೆ.

ಅಲ್ಲಿಗೆ ಬಂದ ಟಿ ಕೋಶಕ್ಕೆ ತನ್ನದೂ ಹುಳಿ ಇದೆ, ಅದನ್ನು ಹೊರಗೆ ಹಾಕಬೇಕು. ಆದರೆ ಹೊರಗೇ ಹುಳಿ ತುಂಬಿದೆ. ಮಳೆಗಾಲದಲ್ಲಿ ರಸ್ತೆಯ ಮೋರಿ ತುಂಬಿದಾಗ ಮನೆಯ ಬಚ್ಚಲು ನೀರು ಹಿಂದಕ್ಕೆ ಬರುತ್ತದಲ್ಲ, ಹಾಗೆ. ಹುಳಿ ಕೋಶದೊಳಗೇ ಉಳಿದು, ಕಾವಲುಗಾರ ಮಂಕಾಗುತ್ತಾನೆ.

ಇದೇ ಹುಳಿಯಲ್ಲಿ ಹಾಯಾಗಿರುವ ಇನ್ನೊಂದು ಜಾತಿಯ ಟಿ ಕೋಶಗಳಿವೆ. ಟಿ-ರೆಗ್ ಎನ್ನುತ್ತಾರೆ. ಇವುಗಳ ಕೆಲಸ ದಂಡನ್ನು ಸಮಾಧಾನ ಮಾಡುವುದು, ನಮ್ಮ ಸೈನ್ಯ ನಮ್ಮ ಮೈಯನ್ನೇ ಹೊಡೆಯದಂತೆ ತಡೆಯುವುದು. ಈ ಕೋಶಗಳು ಲ್ಯಾಕ್ಟಿಕ್ ಆಮ್ಲವನ್ನು ಊಟದಂತೆ ತಿನ್ನಬಲ್ಲವು ಎಂದು ಪಿಟ್ಸ್‌ಬರ್ಗ್‌ನ ತಂಡ 2021ರಲ್ಲಿ ತೋರಿಸಿತು. ಹೊಡೆಯುವವರು ಹಸಿದಿದ್ದಾರೆ, "ಬಿಡ್ರೋ, ಹೋಗ್ಲಿ" ಅನ್ನುವವರ ಹೊಟ್ಟೆ ತುಂಬಿದೆ. ಫಲಿತಾಂಶ ಊಹಿಸಬಹುದು.

ಇನ್ನೊಂದು ತಂತ್ರ ಗರ್ಭದಿಂದ ಕದ್ದದ್ದು. ಮಗುವಿನ ಅರ್ಧ ಜೀನುಗಳು ಅಪ್ಪನವು, ಅಂದರೆ ತಾಯಿಯ ಮೈಗೆ ಪರಕೀಯ. ಆದರೂ ತಾಯಿಯ ಟಿ ಕೋಶಗಳು ಭ್ರೂಣವನ್ನು ಮುಟ್ಟುವುದಿಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಡೇವಿಡ್ ಮನ್, ಆಂಡ್ರೂ ಮೆಲ್ಲರ್ ಮತ್ತು ಜೊತೆಯವರು ಇಲಿಗಳಲ್ಲಿ ಒಂದು ಕಾರಣ ಕಂಡುಹಿಡಿದರು. ಐಡಿಒ ಎಂಬ ಕಿಣ್ವ ಅಲ್ಲಿನ ಟ್ರಿಪ್ಟೋಫ್ಯಾನ್ ಅನ್ನು ಒಡೆದು ಖಾಲಿ ಮಾಡುತ್ತದೆ. ಆ ಅಮೈನೋ ಆಮ್ಲವಿಲ್ಲದೆ ಟಿ ಕೋಶ ಹೆಚ್ಚಲಾರದು. ಐಡಿಒ ಕೆಲಸ ನಿಲ್ಲಿಸುವ ಮದ್ದು ಕೊಟ್ಟರೆ, ಬೇರೆ ತಳಿಯ ಅಪ್ಪನಿಂದ ಆದ ಭ್ರೂಣಗಳು ಉಳಿಯಲಿಲ್ಲ. ಎಷ್ಟೋ ಗಡ್ಡೆಗಳು ಇದೇ ಕಿಣ್ವವನ್ನು ಬಳಸಿಕೊಳ್ಳುತ್ತವೆ.

ಹಾಗಾದರೆ ಐಡಿಒ ತಡೆದರೆ ಆಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡರು. ಎಪಕಾಡೋಸ್ಟಾಟ್ ಎಂಬ ಮಾತ್ರೆಯನ್ನು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರುವ 700ಕ್ಕೂ ಹೆಚ್ಚು ರೋಗಿಗಳ ಮೇಲೆ ದೊಡ್ಡ ಪ್ರಯೋಗ ಮಾಡಿದರು. 2018ರಲ್ಲಿ ಫಲಿತಾಂಶ ಬಂತು: ಏನೂ ಲಾಭವಿಲ್ಲ. ಅಡುಗೆಮನೆಯ ಒಂದು ಬಾಗಿಲು ಮುಚ್ಚಿದರೆ ಗಡ್ಡೆಗೆ ಇನ್ನೊಂದು ಬಾಗಿಲು ಇರುತ್ತದೆ.

ಅಂಟು ಎಲ್ಲಿಂದ ಬಂತು

ಇಲ್ಲಿಯವರೆಗೆ ಊಟದ ಮಾತಾಯಿತು. ಈಗ ಪುಸ್ತಕದ ಮಾತು.

ನಿಮ್ಮ ಲಿವರಿನ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಇರುವುದು ಅದೇ ಡಿಎನ್ಎ, ಅವೇ ಸುಮಾರು 20,000 ಜೀನುಗಳು. ಪುಸ್ತಕ ಒಂದೇ, ತೆರೆದಿರುವ ಪುಟಗಳು ಬೇರೆ. ಬೇಡದ ಪುಟಗಳನ್ನು ಕೋಶ ಅಂಟಿಸಿ ಮುಚ್ಚಿಡುತ್ತದೆ. ಅಕ್ಷರ ಒಂದೂ ಬದಲಾಗುವುದಿಲ್ಲ, ಓದಲು ಮಾತ್ರ ಬರುವುದಿಲ್ಲ. ಇದನ್ನು ಓದುವ ಶಾಸ್ತ್ರವೇ ಎಪಿಜೆನೆಟಿಕ್ಸ್. ಆ ಹೆಸರು ಕಟ್ಟಿದ್ದು ಕಾನ್ರಾಡ್ ವ್ಯಾಡಿಂಗ್ಟನ್, 1942ರಲ್ಲಿ. ಆಗಿನ್ನೂ ಡಿಎನ್ಎಯ ಆಕಾರವೇ ಗೊತ್ತಿರಲಿಲ್ಲ.

ಮುಖ್ಯ ಅಂಟು ಎಂದರೆ ಮೀಥೈಲ್ ಎಂಬ ಪುಟ್ಟ ಗುಂಪು, ಒಂದು ಇಂಗಾಲ, ಮೂರು ಜಲಜನಕ. ಡಿಎನ್ಎ ಮೇಲೆ ಅದು ಕೂತರೆ ಸಾಮಾನ್ಯವಾಗಿ ಆ ಪುಟ ಮುಚ್ಚುತ್ತದೆ. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಉಂಡೆಗಳ ಮೇಲೂ ಮೀಥೈಲ್ ಕೂರುತ್ತದೆ, ಅಲ್ಲಿ ಜಾಗ ನೋಡಿ ಕೆಲವು ಸಲ ಪುಟ ತೆರೆಯುತ್ತದೆ, ಕೆಲವು ಸಲ ಮುಚ್ಚುತ್ತದೆ. ಅಸಿಟೈಲ್ ಎಂಬ ಇನ್ನೊಂದು ಗುಂಪು ಕೂತರೆ ಸುರುಳಿ ಸಡಿಲವಾಗಿ ಪುಟ ಬಿಚ್ಚಿಕೊಳ್ಳುತ್ತದೆ.

ಈ ಅಂಟು ಎಲ್ಲಿಂದ ಬರುತ್ತದೆ? ನಾವು ಚಿಕ್ಕವರಿದ್ದಾಗ ಪುಸ್ತಕಕ್ಕೆ ಬೈಂಡ್ ಹಾಕಲು ಗೋಂದು ಇಲ್ಲದಿದ್ದರೆ ಅಡುಗೆಮನೆಗೆ ಓಡುತ್ತಿದ್ದೆವು. ನಾಲ್ಕು ಅನ್ನದ ಅಗುಳು ಹಿಚುಕಿ ಸವರಿದರೆ ಕಾಗದ ಗಟ್ಟಿಯಾಗಿ ಕೂರುತ್ತಿತ್ತು. ಕೋಶವೂ ಹಾಗೇ. ಅದಕ್ಕೆ ಅಂಟಿನ ಅಂಗಡಿ ಎಂದು ಬೇರೆ ಇಲ್ಲ. ಮೀಥೈಲ್ ಬರುವುದು ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್‌ನಲ್ಲಿರುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲದಿಂದ. ಅಸಿಟೈಲ್ ಬರುವುದು ಬಹುಪಾಲು ಸಕ್ಕರೆ, ಕೊಬ್ಬು ಒಡೆದಾಗ. ಗಡ್ಡೆ ಚೆಲ್ಲುವ ಹುಳಿಯೂ ಒಂದು ಅಂಟೇ. ಲ್ಯಾಕ್ಟೇಟ್ ಹಿಸ್ಟೋನ್ ಮೇಲೆ ಕೂತು ಜೀನುಗಳನ್ನು ತೆರೆಯುತ್ತದೆ ಎಂದು 2019ರಲ್ಲಿ ಷಿಕಾಗೋದ ತಂಡ ಕಂಡುಹಿಡಿಯಿತು.

ಅಂಟು ಬಿಡಿಸಲಿಕ್ಕೂ ಅಡುಗೆಮನೆಯೇ ಬೇಕು. ಹಳೆ ಲಕೋಟೆಯ ಅಂಚೆಚೀಟಿ ಬಿಡಿಸಲು ನೀರಿನ ಬಟ್ಟಲಲ್ಲಿ ನೆನೆಹಾಕುತ್ತಿದ್ದದ್ದು ನೆನಪಿದೆಯಾ? ಕೋಶದಲ್ಲಿ ಮೀಥೈಲ್ ಕಳಚುವ ಕಿಣ್ವಗಳಿಗೂ ಅಂಥ ಒಂದು ನೀರು ಬೇಕು. ಅದರ ಹೆಸರು ಆಲ್ಫಾ-ಕೀಟೋಗ್ಲುಟರೇಟ್. ಹೆಸರು ಉದ್ದ, ಇಲ್ಲಿ ನೀರು ಅಂತಲೇ ಕರೆಯೋಣ. ಅದೂ ಮೈಟೊಕಾಂಡ್ರಿಯದ ಒಲೆಯಲ್ಲಿ, ಊಟ ಉರಿಯುವಾಗ ನಡುವೆ ಹುಟ್ಟುವ ವಸ್ತು.

ಅಡುಗೆಮನೆ ಕೆಟ್ಟರೆ ಪುಸ್ತಕವೂ ಕೆಡುತ್ತದೆ ಅನ್ನುವುದು ಇದಕ್ಕೇ.

ಒಂದು ಅಕ್ಷರ ತಪ್ಪಿದ ಕಿಣ್ವ

ಇದು ಬರೀ ಊಹೆಯಲ್ಲ ಎಂದು ಎಲ್ಲರಿಗೂ ಮನದಟ್ಟು ಮಾಡಿದ್ದು ಮೆದುಳಿನ ಒಂದು ಗಡ್ಡೆ. 2008ರಲ್ಲಿ ಗ್ಲಯೋಮ ಎಂಬ ಮೆದುಳಿನ ಕ್ಯಾನ್ಸರ್‌ಗಳ ಜೀನುಗಳನ್ನು ಸಾಲುಸಾಲಾಗಿ ಓದುತ್ತಿದ್ದವರಿಗೆ ಯಾರೂ ನಿರೀಕ್ಷಿಸದ ಜೀನೊಂದರಲ್ಲಿ ತಪ್ಪು ಸಿಕ್ಕಿತು. ಐಡಿಎಚ್1. ಅದು ಕ್ಯಾನ್ಸರ್ ಜೀನುಗಳ ಪಟ್ಟಿಯಲ್ಲೇ ಇರಲಿಲ್ಲ. ಅಡುಗೆಮನೆಯಲ್ಲಿ ತನ್ನ ಪಾಡಿಗೆ ಪಾತ್ರೆ ತೊಳೆದುಕೊಂಡಿದ್ದ ಒಂದು ಸಾದಾ ಕಿಣ್ವ. ತಪ್ಪು ಆಗಿದ್ದೂ ಮತ್ತೆ ಮತ್ತೆ ಒಂದೇ ಜಾಗದಲ್ಲಿ, 132ನೇ ಸ್ಥಾನ. ಅಲ್ಲಿ ಅರ್ಜಿನಿನ್ ಇರಬೇಕಾದ ಕಡೆ ಹೆಚ್ಚಾಗಿ ಹಿಸ್ಟಿಡಿನ್ ಇತ್ತು.

ಮಾರನೇ ವರ್ಷ ಅದರ ಅರ್ಥ ತಿಳಿಯಿತು. ಸರಿಯಿದ್ದ ಐಡಿಎಚ್1 ನಾವು ಮೇಲೆ ಹೇಳಿದ ನೀರನ್ನು ತಯಾರಿಸುತ್ತದೆ. ತಪ್ಪಾದದ್ದು ಆ ನೀರನ್ನೇ ತೆಗೆದುಕೊಂಡು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೆ ವಸ್ತುವಾಗಿ ಮಾಡುತ್ತದೆ. ಎರಡೂ ನೋಡಲು ಒಂದೇ ಥರ. ಅಂಟು ಬಿಡಿಸುವ ಕಿಣ್ವಗಳು ಮೋಸ ಹೋಗಿ ಇದನ್ನು ಹಿಡಿದುಕೊಳ್ಳುತ್ತವೆ, ಆದರೆ ಇದರಿಂದ ಕೆಲಸವಾಗುವುದಿಲ್ಲ. ಅಂಚೆಚೀಟಿಯನ್ನು ನೀರಿನ ಬದಲು ಎಣ್ಣೆಯಲ್ಲಿ ನೆನೆಹಾಕಿದ ಹಾಗೆ. ಈ ಗಡ್ಡೆಗಳಲ್ಲಿ ಅದು ಮಾಮೂಲಿಗಿಂತ ಹತ್ತಾರು ಪಟ್ಟು ಜಾಸ್ತಿ ತುಂಬಿಕೊಳ್ಳುತ್ತದೆ. ಪುಟಗಳು ಒಂದರ ಮೇಲೊಂದು ಅಂಟುತ್ತಾ ಹೋಗುತ್ತವೆ, ಬಿಡಿಸುವವರಿಲ್ಲ.

ಕಾವಲಿಗೂ ಇದಕ್ಕೂ ಏನು ಸಂಬಂಧ? ಎರಡು ಕಡೆಯಿಂದ ಇದೆ. ಅಂಟಿದ ಪುಟಗಳಲ್ಲಿ, ಟಿ ಕೋಶಗಳನ್ನು "ಇತ್ತ ಬನ್ನಿ" ಎಂದು ಕರೆಯುವ ರಾಸಾಯನಿಕಗಳ ಜೀನುಗಳೂ ಸೇರಿವೆ. ಕರೆ ಹೋಗುವುದಿಲ್ಲ, ದಂಡು ಬರುವುದಿಲ್ಲ. ಈ ಬಗೆಯ ಗ್ಲಯೋಮಗಳ ಒಳಗೆ ಟಿ ಕೋಶಗಳು ಕಡಿಮೆ ಕಾಣುತ್ತವೆ. ಇನ್ನೊಂದು ಕಡೆ, ಆ ಎಣ್ಣೆ ಗಡ್ಡೆಯೊಳಗೇ ನಿಲ್ಲುವುದಿಲ್ಲ. ಹೊರಗೆ ಸೋರಿ, ಬಂದಿರುವ ನಾಲ್ಕಾರು ಟಿ ಕೋಶಗಳ ಒಳಗೂ ಸೇರಿ ಅವನ್ನು ನಿಸ್ತೇಜ ಮಾಡುತ್ತದೆ ಎಂದು 2018ರಲ್ಲಿ ಜರ್ಮನಿಯ ತಂಡವೊಂದು ತೋರಿಸಿತು. ಒಂದು ಜೀನ್, ಒಂದು ತಪ್ಪು, ಒಂದು ವಸ್ತು. ಕಳ್ಳನ ಮನೆಯ ಕಿಟಕಿಯೂ ಮುಚ್ಚಿತು, ಪೊಲೀಸರ ಕಣ್ಣೂ ಮಂಜಾಯಿತು.

ಓದುಗರು ತಪ್ಪು ತಿಳಿಯಬಾರದು: ಐಡಿಎಚ್ ತಪ್ಪಿರುವ ಗ್ಲಯೋಮ ರೋಗಿಗಳು, ಅದು ಇಲ್ಲದ ಗ್ಲಯೋಮ ಇರುವವರಿಗಿಂತ ಸಾಮಾನ್ಯವಾಗಿ ಹೆಚ್ಚು ವರ್ಷ ಬದುಕುತ್ತಾರೆ. ಗಡ್ಡೆ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ವರದಿಯಲ್ಲಿ ಈ ಹೆಸರು ಕಂಡರೆ ಎದೆ ಒಡೆದುಕೊಳ್ಳಬೇಕಿಲ್ಲ. ತಪ್ಪಾದ ಕಿಣ್ವವನ್ನು ಮಾತ್ರ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 331 ರೋಗಿಗಳ ಪ್ರಯೋಗದಲ್ಲಿ, ಗಡ್ಡೆ ಮತ್ತೆ ಬೆಳೆಯದೆ ಇದ್ದ ಅವಧಿಯ ಮಧ್ಯಮ ಲೆಕ್ಕ ಮದ್ದಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 11.1 ತಿಂಗಳು, ಮದ್ದು ನುಂಗಿದವರಲ್ಲಿ 27.7 ತಿಂಗಳು.

ಪಿತ್ತನಾಳದ ಕ್ಯಾನ್ಸರ್‌ನಲ್ಲೂ ಇದೇ ತಪ್ಪು ಕೆಲವು ಸಲ ಇರುತ್ತದೆ. ಅಂಥ ಇಲಿಗಳಿಗೆ ಇದೇ ಬಗೆಯ ಮದ್ದು ಕೊಟ್ಟಾಗ ಕಂಡದ್ದು ಇನ್ನೂ ಚೆಂದ. ಎಣ್ಣೆ ಬತ್ತಿತು, ಪುಟಗಳು ಬಿಚ್ಚಿದವು, ಟಿ ಕೋಶಗಳು ಗಡ್ಡೆಗೆ ನುಗ್ಗಿದವು. ಆಮೇಲೆ ಆ ಟಿ ಕೋಶಗಳನ್ನೇ ತೆಗೆದುಹಾಕಿ ನೋಡಿದರು. ಮದ್ದಿನ ಪ್ರಭಾವವೂ ಹೋಯಿತು. ಅಂದರೆ ಅಡುಗೆಮನೆಯ ರಿಪೇರಿಗೆ ಕೊಟ್ಟ ಮದ್ದು, ನಿಜವಾಗಿ ಕೆಲಸ ಮಾಡಿದ್ದು ಕಾವಲುಗಾರರ ಕೈಯಿಂದ.

ಅಗುಳು ತೋರಿಸದಿದ್ದರೆ

ಕೆಲವು ಗಡ್ಡೆಗಳು ಇನ್ನೂ ನೇರವಾಗಿ ಕೆಲಸ ಮುಗಿಸುತ್ತವೆ. ಅಗುಳು ಎತ್ತಿ ತೋರಿಸುವ ಕೈ ಇತ್ತಲ್ಲ, ಎಂಎಚ್‌ಸಿ-1, ಆ ಪುಟವನ್ನೇ ಅಂಟಿಸಿಬಿಡುತ್ತವೆ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್‌ನಲ್ಲಿ ಇದು ತುಂಬಾ ಕಾಣುತ್ತದೆ. ಟಿ ಕೋಶ ಬಂದು ನಿಂತರೂ ಹಿಚುಕಲು ಅಗುಳಿಲ್ಲ. ಜೀನ್ ಕಳೆದುಹೋಗಿದ್ದರೆ ಮಾಡುವುದೇನೂ ಇರಲಿಲ್ಲ. ಆದರೆ ಇಲ್ಲಿ ಅದು ಬರೀ ಅಂಟಿದೆ. 2019ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅಂಟಿಸುತ್ತಿದ್ದ ಯಂತ್ರವನ್ನು ಹಿಡಿದರು. ಅದರ ಹೆಸರು ಪಿಆರ್‌ಸಿ2. ಅದನ್ನು ತಡೆದಾಗ ಕೈ ಮತ್ತೆ ಮೇಲೆ ಬಂತು.

ಅಗುಳೇ ತೋರಿಸದವರನ್ನು ಅನುಮಾನಿಸಿ ಕೊಲ್ಲುವ ಎನ್‌ಕೆ ಕೋಶಗಳೂ ನಮ್ಮಲ್ಲಿವೆ. ಆದರೆ ಅವನ್ನೂ ಹುಳಿ ನೀರು ಬಿಡುವುದಿಲ್ಲ.

ಕಾವಲುಗಾರನ ಪುಸ್ತಕ

ಅಂಟಿನ ಆಟ ಕ್ಯಾನ್ಸರ್ ಕೋಶದ ಪುಸ್ತಕದಲ್ಲಿ ಮಾತ್ರವಲ್ಲ, ಟಿ ಕೋಶದ ಪುಸ್ತಕದಲ್ಲೂ ನಡೆಯುತ್ತದೆ. 2020ರಲ್ಲಿ ಮಿಷಿಗನ್‌ನ ತಂಡ ತೋರಿಸಿದ ಪ್ರಕಾರ, ಕ್ಯಾನ್ಸರ್ ಕೋಶದ ಗೋಡೆಯಲ್ಲಿ ಮೆಥಿಯೊನಿನ್ ಎಳೆಯುವ ಒಂದು ಬಾಗಿಲು ಸಿಕ್ಕಾಪಟ್ಟೆ ಇರುತ್ತದೆ. ಸುತ್ತಲಿನ ಮೆಥಿಯೊನಿನ್ ಎಲ್ಲ ಅದಕ್ಕೇ. ಪಕ್ಕದ ಟಿ ಕೋಶಕ್ಕೆ ಮೀಥೈಲ್ ಸಾಲದು. ಅದರ ಹಿಸ್ಟೋನ್‌ಗಳ ಮೇಲೆ, ಪುಟ ತೆರೆದಿಡುವ ಜಾತಿಯ ಗುರುತೊಂದು ಅಳಿಸಿಹೋಗುತ್ತದೆ. ಹೋರಾಡುವ ಜೀನುಗಳು ಮುಚ್ಚುತ್ತವೆ. ಊಟ ಕದ್ದು ಪುಸ್ತಕ ಕೆಡಿಸುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಇಮ್ಯುನೋಥೆರಪಿ ಎಂಬ ಮಾತು ನೀವು ಕೇಳಿರಬಹುದು. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಗಡ್ಡೆ ಅದನ್ನು ಒತ್ತಿ ಹಿಡಿಯುತ್ತದೆ. ಆ ಕಾಲನ್ನು ಬ್ರೇಕಿನಿಂದ ಎತ್ತುವ ಮದ್ದುಗಳಿಗೆ ದಾರಿ ಮಾಡಿದ್ದಕ್ಕೆ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಇನ್ನೊಂದು ಬ್ರೇಕ್ ಹುಡುಕಿದ ಜೇಮ್ಸ್ ಆಲಿಸನ್ ಅದನ್ನು ಹಂಚಿಕೊಂಡರು. ಮದ್ದು ಹಿಡಿದ ಕೆಲವರಲ್ಲಿ ಹರಡಿದ ಕ್ಯಾನ್ಸರ್ ವರ್ಷಗಟ್ಟಲೆ ತಲೆ ಎತ್ತಿಲ್ಲ. ಆದರೆ ಬಹಳ ಜನರಿಗೆ ಹಿಡಿಯುವುದೇ ಇಲ್ಲ, ಕೆಲವರಿಗೆ ಹಿಡಿದು ಬಿಟ್ಟುಹೋಗುತ್ತದೆ.

ಯಾಕೆ? ಬಹಳ ಕಾಲ ಸೋಲುತ್ತಲೇ ಇದ್ದ ಟಿ ಕೋಶ ಸುಮ್ಮನೆ ಸುಸ್ತಾಗುವುದಿಲ್ಲ, ಆ ಸುಸ್ತು ಅದರ ಪುಸ್ತಕದಲ್ಲೇ ಅಂಟಿಹೋಗುತ್ತದೆ. 2016ರಲ್ಲಿ ಇಲಿಗಳಲ್ಲಿ ನೋಡಿದಾಗ, ಬ್ರೇಕ್ ಎತ್ತುವ ಮದ್ದು ಕೊಟ್ಟ ಮೇಲೆ ದಣಿದ ಟಿ ಕೋಶಗಳು ಎದ್ದವು, ಕೆಲಸಕ್ಕೂ ಇಳಿದವು. ಆದರೆ ಪುಟಗಳು ಬಹುಪಾಲು ಅಂಟಿದಂತೆಯೇ ಇದ್ದವು. ಕೆಲವು ವಾರ ಕಳೆದು ಅವು ಮತ್ತೆ ಮಲಗಿದವು.

ಅಂಟು ಬಿಡಿಸುವ ಹಳೇ ಮದ್ದು

ಅಂಟು ಬಿಡಿಸಲು ಮದ್ದು ಇಲ್ಲವೇ ಎಂದರೆ, 60 ವರ್ಷ ಹಳೆಯದೇ ಒಂದು ಇದೆ. ಅಜಾಸಿಟಿಡಿನ್. 1964ರಲ್ಲಿ ಪ್ರಾಗ್ ನಗರದಲ್ಲಿ ತಯಾರಾಯಿತು. ಮೊದಲು ಅದನ್ನು ಬರೀ ವಿಷವಾಗಿ, ಜಾಸ್ತಿ ಪ್ರಮಾಣದಲ್ಲಿ, ರಕ್ತದ ಕ್ಯಾನ್ಸರ್ ಕೋಶ ಕೊಲ್ಲಲು ಕೊಟ್ಟು ನೋಡಿದರು. ಆಮೇಲೆ ಪೀಟರ್ ಜೋನ್ಸ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಅದನ್ನು ಇಲಿ ಭ್ರೂಣದ ಕೋಶಗಳಿಗೆ ಹಾಕಿದಾಗ ವಿಚಿತ್ರವೊಂದು ನಡೆಯಿತು. ಗಾಜಿನ ತಟ್ಟೆಯಲ್ಲಿ ಚಪ್ಪಟೆ ಬಿದ್ದಿದ್ದ ಕೋಶಗಳು ಕೆಲವು ದಿನ ಕಳೆದ ಮೇಲೆ ಸ್ನಾಯುವಾಗಿ ಬದಲಾಗಿ ಮಿಡುಕತೊಡಗಿದವು! 1980ರಲ್ಲಿ ಕಾರಣ ಗೊತ್ತಾಯಿತು. ಆ ಮದ್ದು ಡಿಎನ್ಎ ಮೇಲಿನ ಮೀಥೈಲ್ ಅಂಟನ್ನು ಕಡಿಮೆ ಮಾಡಿತ್ತು. ಅಂಟಿದ್ದ ಸ್ನಾಯುವಿನ ಪುಟ ತೆರೆದುಕೊಂಡಿತ್ತು.

ಕಾವಲಿನ ಜೊತೆಗೆ ಇದರ ನಂಟು ಬೆಳಕಿಗೆ ಬಂದದ್ದು 2015ರಲ್ಲಿ, ಬಾಲ್ಟಿಮೋರ್ ಮತ್ತು ಟೊರಾಂಟೊದ ಎರಡು ತಂಡಗಳಿಂದ. ನಮ್ಮ ಡಿಎನ್ಎಯ ಸುಮಾರು ನೂರಕ್ಕೆ 8 ಭಾಗ ಹಳೇ ವೈರಸ್‌ಗಳ ಅವಶೇಷ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಿಕರಿಗೆ ಅಂಟಿ ಅಲ್ಲೇ ಉಳಿದವು. ಕೋಶ ಆ ಪುಟಗಳನ್ನು ಭದ್ರವಾಗಿ ಅಂಟಿಸಿಟ್ಟಿರುತ್ತದೆ. ಕ್ಯಾನ್ಸರ್ ಕೋಶಕ್ಕೆ ಅಂಟು ಬಿಡಿಸುವ ಮದ್ದು ಕೊಟ್ಟರೆ ಈ ಹಳೇ ಪುಟಗಳೂ ತೆರೆದುಕೊಳ್ಳುತ್ತವೆ. ವೈರಸ್ ಹುಟ್ಟುವುದಿಲ್ಲ, ಅದರ ಆರ್‌ಎನ್‌ಎ ಚೂರುಗಳು ಹುಟ್ಟುತ್ತವೆ. ಕೋಶ ತನಗೆ ವೈರಸ್ ಬಡಿದಿದೆ ಎಂದು ಗಾಬರಿಯಾಗಿ ಇಂಟರ್ಫೆರಾನ್ ಗಂಟೆ ಬಾರಿಸುತ್ತದೆ. ಕಾವಲುಗಾರರಿಗೆ ಕೇಳುವುದು ಆ ಗಂಟೆ. ಅಡಗಿದ್ದ ಕಳ್ಳ ತಾನೇ "ಕಳ್ಳ, ಕಳ್ಳ" ಎಂದು ಕೂಗಿಕೊಂಡ ಹಾಗೆ.

ಇಷ್ಟು ಚೆಂದದ ಕತೆ ಇದ್ದರೂ, ಗಟ್ಟಿ ಗಡ್ಡೆಗಳಲ್ಲಿ ಅಜಾಸಿಟಿಡಿನ್ ಮತ್ತು ಇಮ್ಯುನೋಥೆರಪಿ ಜೋಡಿಸಿದ ಪ್ರಯೋಗಗಳು ಇಲ್ಲಿಯವರೆಗೆ ನಿರೀಕ್ಷೆಯಷ್ಟು ಫಲ ಕೊಟ್ಟಿಲ್ಲ. ಮದ್ದಿಗೆ ಯಾವ ಪುಟ ಬಿಡಿಸಬೇಕು, ಯಾವುದು ಬೇಡ ಎಂಬ ವಿವೇಚನೆ ಇಲ್ಲ. ಒಳ್ಳೆಯ ಕೋಶದಲ್ಲೂ ಬಿಡಿಸುತ್ತದೆ, ಟಿ-ರೆಗ್‌ನಲ್ಲೂ ಬಿಡಿಸುತ್ತದೆ.

ರಕ್ತದ ಕಾಯಿಲೆಗಳ ಮಾತು ಬೇರೆ. ಎಲುಬಿನ ಮಜ್ಜೆ ಕೆಡುವ ಎಂಡಿಎಸ್ ಎಂಬ ಕಾಯಿಲೆಗೆ 2004ರಲ್ಲೇ ಅಜಾಸಿಟಿಡಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ಊರುಗಳ ಡೇ ಕೇರ್ ವಾರ್ಡುಗಳಲ್ಲೂ ಕೊಡುತ್ತಾರೆ. ಹಳೇ ಕಾಲದ ವಿಷದ ಪ್ರಮಾಣವಲ್ಲ, ಕಡಿಮೆ. 28 ದಿನಕ್ಕೊಮ್ಮೆ, 7 ದಿನ, ಚರ್ಮದ ಅಡಿಗೆ ಸೂಜಿ. ಮೊದಲ ತಿಂಗಳು ರಿಪೋರ್ಟು ಹಾಗೇ ಇರುತ್ತದೆ. ಎರಡನೇ ತಿಂಗಳೂ ಬಹಳ ಸಲ ಹಾಗೇ. ಮನೆಯವರು ಕಂಗಾಲಾಗುತ್ತಾರೆ. ಡಾಕ್ಟರು ನಾಲ್ಕರಿಂದ ಆರು ಸುತ್ತು ನೋಡೋಣ ಎನ್ನುತ್ತಾರೆ. ಅದಕ್ಕೆ ಕಾರಣ ಮದ್ದು ಕೆಲಸ ಮಾಡುವ ರೀತಿಯಲ್ಲೇ ಇದೆ. ಒಂದು ಕೋಶ ಎರಡಾಗುವಾಗ ತನ್ನ ಪುಸ್ತಕದ ನಕಲು ಮಾಡುತ್ತದೆ. ಆ ಹೊತ್ತಿಗೆ ಮದ್ದು ಹೊಸ ನಕಲಿನೊಳಗೆ ಸೇರಿಕೊಂಡು, ಅಂಟು ಹಚ್ಚಲು ಬಂದ ಕಿಣ್ವವನ್ನು ಅಲ್ಲೇ ಹಿಡಿದು ಕೂರಿಸುತ್ತದೆ. ಹಳೇ ಪುಟದ ಅಂಟು ಹಾಗೇ ಇರುತ್ತದೆ. ಹೊಸ ನಕಲಿಗೆ ಮಾತ್ರ ಅಂಟು ಬೀಳುವುದಿಲ್ಲ.